ಅಳತೆಗೆ ಹೊಲಿದ ಲಿನಕ್ಸ್: ಎರಡು ಗಡಿನಾಡುಗಳ ನಡುವೆ ಒಂದು ಗಣಕದ ಕಥೆ

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ ಸುತ್ತಿನ ಕನ್ನಡ ಮಾಧ್ಯಮ ಪ್ರೌಢಶಾಲೆಗಳ ಮಕ್ಕಳಿಗೆ ಗಣಿತ, ವಿಜ್ಞಾನಗಳಂತೆ ಗಣಕವೂ ಒಂದು ಪಾಠದ ವಿಷಯ. ಅದಕ್ಕೆ ಕನ್ನಡದಲ್ಲೇ ಪಠ್ಯಪುಸ್ತಕವಿದೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಕದ ಮುಂದೆ ಕುಳಿತು ಮಾಡಬೇಕಾದ ಪ್ರಾಯೋಗಿಕ ಪರೀಕ್ಷೆಯೂ ಇದೆ. ಆ ಗಣಕಗಳನ್ನು ನಡೆಸುವ ಮೂಲ ತಂತ್ರಾಂಶ ಮಾತ್ರ ಪೇಟೆಯಲ್ಲಿ ಸಿದ್ಧವಾಗಿ ಸಿಗುವಂಥದಲ್ಲ. ಅದು ಕೇರಳದ ಶಾಲೆಗಳಿಗೆಂದೇ ಕತ್ತರಿಸಿ, ಜೋಡಿಸಿ, ಹೊಲಿದು ಕೊಟ್ಟಿರುವ ಲಿನಕ್ಸ್. ಮಲಯಾಳದ ರಾಜ್ಯವೊಂದು ತನ್ನ ಶಾಲೆಗಳಿಗೆ ಹೊಲಿಸಿದ ಅಂಗಿ ಗಡಿಯ ಕನ್ನಡ ಮಕ್ಕಳ ಮೈಗೂ ಹೊಂದಿಕೊಂಡದ್ದು ಹೇಗೆ?

ಈ ಪ್ರಶ್ನೆ ನಿಡುಗಲ್ಲು ಸೀಮೆಗೆ ದೂರದ್ದೇನೂ ಅಲ್ಲ. ನಿಡುಗಲ್ಲು ದುರ್ಗದ ನೆರಳಿನ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಸೇರಿ ಇಂದು ಮಧುಗಿರಿ ಶೈಕ್ಷಣಿಕ ಜಿಲ್ಲೆ ಎನಿಸಿಕೊಂಡಿವೆ. ಪಾವಗಡವಂತೂ ಬಹುತೇಕ ಆಂಧ್ರದ ನೆಲದಿಂದಲೇ ಸುತ್ತುವರಿದಿದೆ. ಮನೆಯಲ್ಲಿ ತೆಲುಗು ಆಡುವ ಮಕ್ಕಳು ಶಾಲೆಗೆ ಬಂದು ಕನ್ನಡ ಅಕ್ಷರ ತಿದ್ದುವುದು ಇಲ್ಲಿ ಹೊಸದಲ್ಲ. ಇಂಥ ಮಗುವಿನ ಮುಂದೆ ಗಣಕ ತೆರೆದುಕೊಂಡಾಗ ಅದು ಯಾವ ಭಾಷೆಯಲ್ಲಿ ಮಾತಾಡಬೇಕು, ಅದರಲ್ಲಿ ಯಾವ ಉಪಕರಣಗಳಿರಬೇಕು, ಇದನ್ನೆಲ್ಲ ತೀರ್ಮಾನಿಸುವವರು ಯಾರು? ಲಿನಕ್ಸ್ ಎಂಬ ತಂತ್ರಾಂಶವನ್ನು ಬಳಸುವವರ ಅಳತೆಗೆ ಹೊಲಿಯುವ ಕಸುಬಿನ ಚರಿತ್ರೆ ನೋಡಿದರೆ ಇದಕ್ಕೆ ಉತ್ತರದ ಜಾಡು ಸಿಗುತ್ತದೆ.

ಬಟ್ಟೆಯೂ ಕತ್ತರಿಯೂ

ಗಣಕದ ಗುಂಡಿ ಒತ್ತಿದೊಡನೆ ಎಚ್ಚೆತ್ತು, ಕೀಲಿಮಣೆ, ಪರದೆ, ಮುದ್ರಣಯಂತ್ರ, ಕಡತಗಳು ಎಲ್ಲವನ್ನೂ ಹತೋಟಿಗೆ ತೆಗೆದುಕೊಳ್ಳುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಅಥವಾ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ ಇಂಥದೊಂದು ವ್ಯವಸ್ಥೆ. ಅದನ್ನು ಕೊಂಡವರು ಬಳಸಬಹುದೇ ಹೊರತು ಅದರ ಒಳಗಿನ ಬರವಣಿಗೆಯನ್ನು ತೆರೆದು ತಿದ್ದುವಂತಿಲ್ಲ. ತಿದ್ದಿ ನೆರೆಯವರಿಗೆ ಕೊಡುವಂತೆಯೂ ಇಲ್ಲ. ಅಂಗಡಿಯ ಸಿದ್ಧ ಉಡುಪಿನಂತೆ ಅದರ ತೋಳು ಉದ್ದವಾದರೂ ಅಷ್ಟೇ, ಗಿಡ್ಡವಾದರೂ ಅಷ್ಟೇ.

ಈ ಕಟ್ಟುಪಾಡನ್ನು ಒಪ್ಪದ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರ ಸೆಪ್ಟೆಂಬರ್‌ನಲ್ಲಿ ಗ್ನು ಎಂಬ ಯೋಜನೆಯನ್ನು ಪ್ರಕಟಿಸಿದರು. ಯಾರು ಬೇಕಾದರೂ ಬಳಸಬಹುದಾದ, ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶವನ್ನು ಕಟ್ಟುವುದು ಅದರ ಗುರಿ. 1989ರಲ್ಲಿ ಅವರು ಇದಕ್ಕೊಂದು ಪರವಾನಗಿ ಪತ್ರವನ್ನೂ ರೂಪಿಸಿದರು. ಜನರಲ್ ಪಬ್ಲಿಕ್ ಲೈಸೆನ್ಸ್ ಅಥವಾ ಜಿಪಿಎಲ್ ಎಂಬ ಆ ಪತ್ರದ ಷರತ್ತು ಸರಳವಾದುದು. ತಿದ್ದುವ ಹಕ್ಕು ನಿನಗಿದೆ. ತಿದ್ದಿದ್ದನ್ನು ಇನ್ನೊಬ್ಬರಿಗೆ ಕೊಡುವಾಗ ಅದೇ ಹಕ್ಕನ್ನು ಅವರಿಗೂ ಕೊಡಬೇಕು.

1991ರ ಆಗಸ್ಟ್‌ನಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ, 21 ವರ್ಷದ ಲೀನಸ್ ಟೋರ್ವಾಲ್ಡ್ಸ್ ಹವ್ಯಾಸಕ್ಕೆಂದು ಬರೆಯುತ್ತಿದ್ದ ವ್ಯವಸ್ಥೆಯೊಂದರ ಸುದ್ದಿಯನ್ನು ಹೊರಗೆಡವಿದರು. ಅದೇ ಲಿನಕ್ಸ್. ಮರುವರ್ಷ ಅದೂ ಜಿಪಿಎಲ್ ಪರವಾನಗಿಯಡಿ ಬಂತು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕಟ್ಟುನಿಟ್ಟಾಗಿ ಹೇಳುವುದಾದರೆ ಲಿನಕ್ಸ್ ಎಂಬುದು ಕರ್ನಲ್, ಅಂದರೆ ವ್ಯವಸ್ಥೆಯ ತಿರುಳು ಮಾತ್ರ. ತಿರುಳನ್ನಷ್ಟೇ ಕೈಗಿಟ್ಟರೆ ಸಾಮಾನ್ಯ ಬಳಕೆದಾರನಿಗೆ ಅದರಿಂದ ಒಂದು ಪತ್ರವನ್ನೂ ಬರೆಯಲು ಬಾರದು. ಅದರ ಸುತ್ತ ಗ್ನು ಉಪಕರಣಗಳು, ಪರದೆಯ ಮೇಲಿನ ಕಿಟಕಿಗಳು, ಬರಹಕ್ಕೆ, ಚಿತ್ರಕ್ಕೆ, ಲೆಕ್ಕಕ್ಕೆ ಬೇಕಾದ ತಂತ್ರಾಂಶಗಳು ಎಲ್ಲವನ್ನೂ ಜೋಡಿಸಿ ಒಂದು ಕಟ್ಟು ಮಾಡಿಕೊಡಬೇಕು. ಈ ಕಟ್ಟಿಗೇ ಡಿಸ್ಟ್ರಿಬ್ಯೂಷನ್ ಎನ್ನುತ್ತಾರೆ. ಕನ್ನಡದಲ್ಲಿ ‘ವಿತರಣೆ’ ಎನ್ನಬಹುದು.

1992ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಗಣಕ ಕೇಂದ್ರದವರು ಇಂಥ ಮೊದಮೊದಲ ಕಟ್ಟೊಂದನ್ನು ಸಿದ್ಧಪಡಿಸಿದರು. 1993ರ ಜುಲೈನಲ್ಲಿ ಪ್ಯಾಟ್ರಿಕ್ ವೋಲ್ಕರ್ಡಿಂಗ್ ಅವರ ಸ್ಲಾಕ್‌ವೇರ್, ಆಗಸ್ಟ್‌ನಲ್ಲಿ ಇಯಾನ್ ಮರ್ಡಾಕ್ ಅವರ ಡೆಬಿಯನ್ ಬಂದವು. ಡೆಬಿಯನ್ ಸ್ವಯಂಸೇವಕರ ಕೂಟವಾಗಿ ಬೆಳೆಯಿತು. ಇಂದು ಅದರ ಉಗ್ರಾಣದಲ್ಲಿ 60 ಸಾವಿರಕ್ಕೂ ಹೆಚ್ಚು ತಂತ್ರಾಂಶ ಪೊಟ್ಟಣಗಳಿವೆ. 2004ರಲ್ಲಿ ಡೆಬಿಯನ್‌ನ ಮೇಲೆಯೇ ಉಬುಂಟು ಎಂಬ ವಿತರಣೆ ಹುಟ್ಟಿತು. ಡೆಬಿಯನ್‌ನಿಂದ ಉಬುಂಟು, ಉಬುಂಟುವಿನಿಂದ ಮತ್ತೊಂದು, ಹೀಗೆ ಒಂದೇ ಥಾನಿನಿಂದ ಹಲವು ಅಂಗಿಗಳು ಹೊರಬಂದವು. ಬಟ್ಟೆಯ ಜೊತೆಗೆ ಕತ್ತರಿಯನ್ನೂ ಗಿರಾಕಿಯ ಕೈಗೆ ಕೊಟ್ಟದ್ದು ಆ ಪರವಾನಗಿ ಪತ್ರ.

ಹೊಲಿಗೆಯ ಕೆಲಸ

ಒಂದು ವಿತರಣೆಯನ್ನು ನಿರ್ದಿಷ್ಟ ಬಳಕೆಗೆ ಹೊಂದಿಸುವುದೆಂದರೆ ಏನು ಮಾಡುವುದು? ಮೊದಲು ಮೂಲವೊಂದನ್ನು ಆರಿಸಿಕೊಳ್ಳಬೇಕು. ಸಾಮಾನ್ಯವಾಗಿ ಡೆಬಿಯನ್ ಅಥವಾ ಉಬುಂಟು. ಆಮೇಲೆ ಬೇಡವಾದದ್ದನ್ನು ತೆಗೆಯಬೇಕು. ಶಾಲೆಯ ಹಳೆಯ ಗಣಕದಲ್ಲಿ ನೆನಪಿನ ಶಕ್ತಿ ಕಡಿಮೆ. ಭಾರವಾದ ಅಲಂಕಾರ ಹಾಕಿದರೆ ಯಂತ್ರ ತೆವಳುತ್ತದೆ. ಬಳಿಕ ಬೇಕಾದದ್ದನ್ನು ಸೇರಿಸಬೇಕು. ರೇಖಾಗಣಿತಕ್ಕೆ ಜಿಯೋಜೀಬ್ರಾ, ಚಿತ್ರ ತಿದ್ದಲು ಗಿಂಪ್, ಆಕಾಶ ನೋಡಲು ಸ್ಟೆಲ್ಲೇರಿಯಂ, ಮೂಲಧಾತುಗಳ ಕೋಷ್ಟಕಕ್ಕೆ ಕಾಲ್ಜಿಯಂ, ಬರಹ ಮತ್ತು ಲೆಕ್ಕಕ್ಕೆ ಲಿಬ್ರೆಆಫೀಸ್ ಹೀಗೆ. ಆಮೇಲೆ ಭಾಷೆ, ಕೀಲಿಮಣೆ, ಅಕ್ಷರಶೈಲಿ, ಮೊದಲ ಪರದೆಯ ಪಟ್ಟಿ ಇವುಗಳನ್ನು ಬಳಸುವವರಿಗೆ ತಕ್ಕಂತೆ ಮೊದಲೇ ಹೊಂದಿಸಿಡಬೇಕು. ಕೊನೆಗೆ ಎಲ್ಲವನ್ನೂ ಒಂದು ಅಚ್ಚಿಗೆ ಇಳಿಸಿ, ಆ ಅಚ್ಚಿನಿಂದ ಒಂದೇ ಬಗೆಯ ಸಾವಿರಾರು ಪ್ರತಿಗಳನ್ನು ತೆಗೆಯಬೇಕು. ಪೆನ್‌ಡ್ರೈವ್ ಚುಚ್ಚಿ ಸ್ವಲ್ಪ ಹೊತ್ತು ಕಾದರೆ ಹಳ್ಳಿಯ ಶಾಲೆಯ ಗಣಕದಲ್ಲೂ ರಾಜಧಾನಿಯ ಶಾಲೆಯ ಗಣಕದಲ್ಲೂ ಅದೇ ಪರದೆ ಮೂಡುತ್ತದೆ.

ಶಾಲೆಗಳಷ್ಟೇ ಅಲ್ಲ, ಬೇರೆ ಬೇರೆ ಗಿರಾಕಿಗಳಿಗೂ ಇದೇ ಕಸುಬು ಒದಗಿಬಂದಿದೆ. ಚೆನ್ನೈನ ಸಿ-ಡ್ಯಾಕ್ ಸಂಸ್ಥೆ 2007ರಲ್ಲಿ ಡೆಬಿಯನ್ ಆಧಾರದ ಮೇಲೆ ‘ಬಾಸ್’ ಎಂಬ ವಿತರಣೆಯನ್ನು ಭಾರತೀಯ ಭಾಷೆಗಳ ಸೌಲಭ್ಯದೊಡನೆ ಹೊರತಂದಿತು. ಅದರ ಶಾಲಾ ಆವೃತ್ತಿಯ ಹೆಸರು ‘ಎಜುಬಾಸ್’. 2023ರಲ್ಲಿ ಭಾರತದ ರಕ್ಷಣಾ ಸಚಿವಾಲಯ ತನ್ನ ಗಣಕಗಳಿಗೆಂದು ಉಬುಂಟು ಆಧರಿಸಿದ ‘ಮಾಯಾ’ ಎಂಬ ವ್ಯವಸ್ಥೆಯನ್ನು ಆರಿಸಿಕೊಂಡಿತು. ಊರೂರಿನ ಜನರ ಜೇಬಿನಲ್ಲಿರುವ ಆಂಡ್ರಾಯ್ಡ್ ಮೊಬೈಲಿನ ತಿರುಳು ಕೂಡ ಲಿನಕ್ಸ್. 2008ರಲ್ಲಿ ಪೇಟೆಗೆ ಬಂದ ಅದು ಫೋನಿನ ಅಳತೆಗೆ ಹೊಲಿದ ಲಿನಕ್ಸ್ ಎಂದರೆ ತಪ್ಪಾಗದು.

ನಾರ್ವೆಯಲ್ಲಿ 2001ರಲ್ಲಿ ಆರಂಭವಾದ ಸ್ಕೋಲೆಲಿನಕ್ಸ್ ಗಡಿನಾಡಿನ ಓದುಗರಿಗೆ ಹೆಚ್ಚು ಹತ್ತಿರವೆನಿಸಬಹುದು. ನಾರ್ವೆಯ ಭಾಷೆಗೆ ಬೂಕ್‌ಮೋಲ್, ನ್ಯೂನೋಶ್ಕ್ ಎಂಬ ಎರಡು ಬರಹರೂಪಗಳಿವೆ. ನ್ಯೂನೋಶ್ಕ್ ಬರೆಯುವವರು ಕಡಿಮೆ. ಉತ್ತರದ ಸಾಮಿ ಜನರ ಭಾಷೆಯನ್ನಾಡುವವರು ಇನ್ನೂ ಕಡಿಮೆ. ಈ ಮೂರರಲ್ಲೂ ಶಾಲಾ ಗಣಕ ಮಾತಾಡಬೇಕೆಂಬುದು ಸ್ಕೋಲೆಲಿನಕ್ಸ್ ಕಟ್ಟಿದವರ ಆಸೆಯಾಗಿತ್ತು. ಕಂಪನಿಗೆ ಗಿರಾಕಿಗಳ ಸಂಖ್ಯೆ ಮುಖ್ಯ. ಶಾಲೆಗೆ ಒಂದೊಂದು ಮಗುವೂ ಮುಖ್ಯ. ಸ್ಪೇನಿನ ಬಡ ಪ್ರಾಂತವಾದ ಎಸ್ತ್ರೆಮದೂರ 2002ರಲ್ಲಿ ತನ್ನ ಶಾಲೆಗಳಿಗೆ ಗ್ನುಲಿನೆಕ್ಸ್ ಹೊಲಿಸಿಕೊಂಡಾಗ ಮತ್ತೂ ಒಂದು ಹೆಜ್ಜೆ ಮುಂದೆ ಹೋಯಿತು. ಚಿತ್ರ ತಿದ್ದುವ ಗಿಂಪ್ ತಂತ್ರಾಂಶಕ್ಕೆ ಆ ಪ್ರಾಂತದ ವರ್ಣಚಿತ್ರಕಾರ ಥುರ್ಬರಾನ್ ಹೆಸರನ್ನೂ, ಬರಹದ ತಂತ್ರಾಂಶಕ್ಕೆ ಅಲ್ಲಿಯೇ ಹುಟ್ಟಿದ ಕವಿ ಎಸ್‌ಪ್ರೊಂಥೆದಾನ ಹೆಸರನ್ನೂ ಇಟ್ಟಿತು. ಮಗು ಗಣಕ ತೆರೆದರೆ ತನ್ನೂರಿನ ಹಿರಿಯರ ಹೆಸರು ಕಣ್ಣಿಗೆ ಬೀಳುತ್ತಿತ್ತು.

ಬೆಂಗಳೂರಿನ ಸಿಂಪ್ಯೂಟರ್

ಇಂಥ ಪ್ರಯತ್ನಗಳಲ್ಲಿ ಕರ್ನಾಟಕ ಹಿಂದೆ ಬಿದ್ದಿರಲಿಲ್ಲ. ಹಳ್ಳಿಗರಿಗೆಂದು ಲಿನಕ್ಸ್‌ನ್ನು ಹೊಲಿಯುವ ಮಾತನ್ನು ಜಗತ್ತಿನ ಕಿವಿಗೆ ಹಾಕಿದ್ದೇ ಬೆಂಗಳೂರು. 1998ರ ಅಕ್ಟೋಬರ್‌ನಲ್ಲಿ ಅಲ್ಲಿ ನಡೆದ ವಿಚಾರ ಸಂಕಿರಣವೊಂದು ಅಭಿವೃದ್ಧಿಶೀಲ ದೇಶಗಳಿಗೆ ತಕ್ಕ ಅಗ್ಗದ ಗಣಕ ಬೇಕೆಂದು ಘೋಷಿಸಿತು. ಮರುವರ್ಷ ಭಾರತೀಯ ವಿಜ್ಞಾನ ಮಂದಿರದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್‌ನ ವಿನಯ್ ದೇಶಪಾಂಡೆ ಮುಂತಾದವರು ಸೇರಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. 2001ರ ಏಪ್ರಿಲ್‌ನಲ್ಲಿ ಅಂಗೈಯಲ್ಲಿ ಹಿಡಿಯಬಹುದಾದ ಮಾದರಿಯನ್ನು ಜನರ ಮುಂದಿಟ್ಟರು. ಬೆಲೆ 9 ಸಾವಿರ ರೂಪಾಯಿಯೊಳಗೆ ಇರಬೇಕೆಂಬುದು ಅವರ ಲೆಕ್ಕಾಚಾರವಾಗಿತ್ತು.

ಸಿಂಪ್ಯೂಟರ್‌ನೊಳಗೆ ಇದ್ದದ್ದು ಲಿನಕ್ಸ್. ಇದಕ್ಕೆ ಕಾರಣವಿಲ್ಲದಿಲ್ಲ. ಸಣ್ಣ ಯಂತ್ರದ ಅಲ್ಪ ನೆನಪಿಗೆ ತಕ್ಕಂತೆ ವ್ಯವಸ್ಥೆಯನ್ನು ಕತ್ತರಿಸಬೇಕಿತ್ತು. ಪ್ರತಿ ಯಂತ್ರಕ್ಕೂ ಪರವಾನಗಿ ಹಣ ಕಟ್ಟುತ್ತ ಹೋದರೆ ಬೆಲೆ ಏರುತ್ತಿತ್ತು. ಓದು ಬರಹ ಬಾರದವರನ್ನೂ ಲೆಕ್ಕಕ್ಕೆ ತೆಗೆದುಕೊಂಡು ಪರದೆಯನ್ನು ಮುಟ್ಟಿ ನಡೆಸುವ ಕ್ರಮ ಇಟ್ಟರು. ಬರಹವನ್ನು ಓದಿ ಹೇಳುವ ‘ಧ್ವನಿ’ ಎಂಬ ತಂತ್ರಾಂಶ ಮೊದಲಿಗೆ ಹಿಂದಿ ಮತ್ತು ಕನ್ನಡದಲ್ಲಿ ಸಿದ್ಧವಾಯಿತು. ಒಬ್ಬೊಬ್ಬರಿಗೆ ಒಂದೊಂದು ಯಂತ್ರ ಕೊಳ್ಳಲಾಗದ ಹಳ್ಳಿಯಲ್ಲಿ ಇಡೀ ಊರಿಗೆ ಒಂದೇ ಯಂತ್ರವಿದ್ದು, ಪ್ರತಿಯೊಬ್ಬರ ವಿವರ ಅವರವರ ಸ್ಮಾರ್ಟ್ ಕಾರ್ಡಿನಲ್ಲಿರಲಿ ಎಂಬುದೂ ಯೋಜನೆಯ ಭಾಗವಾಗಿತ್ತು.

2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾದ ‘ಅಮಿಡಾ’ ಸಿಂಪ್ಯೂಟರ್ 9,950 ರೂಪಾಯಿಗಳ ಆರಂಭಿಕ ಬೆಲೆಗೆ ಮಾರುಕಟ್ಟೆಗೆ ಬಂತು. ಕರ್ನಾಟಕ ಸರ್ಕಾರ ಭೂದಾಖಲೆಗಳ ಕೆಲಸದಲ್ಲಿ ಸಿಂಪ್ಯೂಟರ್ ಬಳಸಿ ನೋಡಿತು. ಗಣಿಯಿಂದ ಹಡಗುಕಟ್ಟೆಗೆ ಹೋಗುವ ಅದಿರಿನ ಲೆಕ್ಕಕ್ಕೂ, ಕಿರುಸಾಲದ ವ್ಯವಹಾರಕ್ಕೂ ಅದು ಬಳಕೆಯಾಯಿತು. ಆದರೆ ಮಾರಾಟ ಕೆಲವು ಸಾವಿರಗಳನ್ನು ದಾಟಿ ಬಹಳ ದೂರ ಹೋಗಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನು ಅಗ್ಗವಾಗಿ ಹಳ್ಳಿಗೆ ನುಗ್ಗಿತ್ತು. ಪ್ರಯೋಗಕ್ಕೆಂದು ಕೊಂಡ ಇಲಾಖೆಗಳು ದೊಡ್ಡ ಸಂಖ್ಯೆಯಲ್ಲಿ ಕೊಳ್ಳಲಿಲ್ಲ. ರೈತನಿಗೆ ದಿನವೂ ಬೇಕಾಗುವ ಮಾಹಿತಿಯನ್ನು ಕನ್ನಡದಲ್ಲಿ ತುಂಬುತ್ತ, ಯಂತ್ರವನ್ನು ವರ್ಷವರ್ಷ ಹೊಸದು ಮಾಡುತ್ತ ಹೋಗುವ ವ್ಯವಸ್ಥೆ ಅದರ ಹಿಂದೆ ಬೆಳೆಯಲಿಲ್ಲ. ಅಂಗಿ ಚೆನ್ನಾಗಿಯೇ ಹೊಲಿದಿತ್ತು, ಮೈ ಬೆಳೆದಂತೆ ಬಿಚ್ಚಿ ಮರುಹೊಲಿಗೆ ಹಾಕುವವರು ಇರಲಿಲ್ಲ.

‘ಕರ್ನಾಟಕ’ವೇ ಒಂದು ಪರೀಕ್ಷೆ

ಗಣಕವನ್ನು ಕನ್ನಡಕ್ಕೆ ಹೊಂದಿಸುವ ಕೆಲಸ ಪರದೆಯ ಮೇಲಿನ ಇಂಗ್ಲಿಷ್ ಪದಗಳನ್ನು ಅನುವಾದಿಸಿದರೆ ಮುಗಿಯುವುದಿಲ್ಲ. 1990ರ ದಶಕದಲ್ಲಿ ಕನ್ನಡ ಮುದ್ರಣಕ್ಕೆ ಬಳಕೆಯಲ್ಲಿದ್ದ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರದ ತುಣುಕುಗಳನ್ನು ಕೂರಿಸಿ ಕೆಲಸ ನಡೆಸುತ್ತಿದ್ದವು. ಒಬ್ಬರ ಕಡತವನ್ನು ಇನ್ನೊಬ್ಬರ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತಿತ್ತು. ಜಗತ್ತಿನ ಎಲ್ಲ ಲಿಪಿಗಳಿಗೂ ಪ್ರತ್ಯೇಕ ಸಂಖ್ಯೆಗಳನ್ನು ಗೊತ್ತುಪಡಿಸುವ ಯೂನಿಕೋಡ್ 1991ರ ತನ್ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತ್ತು. ನಿಡುಗಲ್ಲಿನ ಅರಸರ ಕಾಲದ ಶಾಸನಗಳಲ್ಲಿ ಒಂದೇ ಎನ್ನುವಷ್ಟು ಹತ್ತಿರವಿದ್ದ ಕನ್ನಡ, ತೆಲುಗು ಲಿಪಿಗಳು ಯೂನಿಕೋಡ್‌ನಲ್ಲಿ ಅಕ್ಕಪಕ್ಕದ ಎರಡು ಬೇರೆ ಮನೆಗಳನ್ನು ಪಡೆದವು. ಆದರೆ ಸಂಖ್ಯೆ ಸಿಕ್ಕ ಮಾತ್ರಕ್ಕೆ ಅಕ್ಷರ ಪರದೆಯ ಮೇಲೆ ಸರಿಯಾಗಿ ಮೂಡುವುದಿಲ್ಲ.

‘ಕರ್ನಾಟಕ’ ಎಂಬ ಪದವನ್ನೇ ತೆಗೆದುಕೊಳ್ಳಿ. ಬಾಯಲ್ಲಿ ಹೇಳುವಾಗ ‘ಕ’ ಆದ ಮೇಲೆ ‘ರ್’, ಅನಂತರ ‘ನಾ’. ಯೂನಿಕೋಡ್‌ನಲ್ಲೂ ಇದೇ ಕ್ರಮ. ಬರೆಯುವಾಗ ಮಾತ್ರ ‘ನಾ’ ಮೊದಲು ಬಂದು, ಅರ್ಕಾವತ್ತು ಅದರ ಬಲಕ್ಕೆ ಕೂರುತ್ತದೆ. ಹಿಂದಿನದನ್ನು ಮುಂದಕ್ಕೆ ಸರಿಸುವ ಈ ಜಾಣತನವನ್ನು ಗಣಕಕ್ಕೆ ಕಲಿಸಬೇಕು. ಒತ್ತಕ್ಷರಗಳನ್ನು ಕೆಳಗೆ ಇಳಿಸುವುದು, ಗುಣಿತದ ಚಿಹ್ನೆಗಳನ್ನು ಅಂಟಿಸುವುದು, ಪದಗಳನ್ನು ಅಕಾರಾದಿಯಾಗಿ ಜೋಡಿಸುವುದು ಇವೆಲ್ಲ ಬೇರೆ ಬೇರೆ ಪಾಠಗಳು. ಮುಕ್ತ ತಂತ್ರಾಂಶದಲ್ಲಿ ಈ ಪಾಠವನ್ನು ಒಮ್ಮೆ ಯಾರಾದರೂ ಕಲಿಸಿದರೆ ಸಾಕು, ಅದನ್ನು ಬಳಸುವ ಎಲ್ಲ ವಿತರಣೆಗಳಿಗೂ ಅದು ದಕ್ಕುತ್ತದೆ.

ಅಕ್ಷರಶೈಲಿಗಳ ಕಥೆಯೂ ಹೀಗೆಯೇ. ಭಾರತೀಯ ವಿಜ್ಞಾನ ಮಂದಿರದಿಂದ ಬಂದ ‘ಕೇದಗೆ’, ‘ಮಲ್ಲಿಗೆ’ ಎಂಬ ಶೈಲಿಗಳು ಮುಕ್ತ ಪರವಾನಗಿಯಡಿ ಎಲ್ಲರಿಗೂ ಸಿಕ್ಕವು. ಆಮೇಲೆ ಸ್ವಯಂಸೇವಕರ ಕೈಯಿಂದ ‘ಗುಬ್ಬಿ’, ‘ನವಿಲು’ ಬಂದವು. ಗುಬ್ಬಿ ಎಂದರೆ ತುಮಕೂರು ಜಿಲ್ಲೆಯವರಿಗೆ ವೀರಣ್ಣನವರ ಊರು ನೆನಪಾದೀತು. ಡೆಬಿಯನ್ ಉಗ್ರಾಣದಲ್ಲಿ ಅದೊಂದು ಕನ್ನಡ ಅಕ್ಷರಶೈಲಿ. ಕೀಲಿಮಣೆಯಲ್ಲೂ ಆಯ್ಕೆಯ ಪ್ರಶ್ನೆಯಿತ್ತು. ಕೇಂದ್ರ ಸರ್ಕಾರ 1986ರಲ್ಲಿ ರೂಪಿಸಿದ ಇನ್‌ಸ್ಕ್ರಿಪ್ಟ್ ಒಂದು ಕಡೆ, ಕೆ.ಪಿ. ರಾವ್ ರೂಪಿಸಿ ‘ನುಡಿ’ ತಂತ್ರಾಂಶದ ಮೂಲಕ ಕರ್ನಾಟಕದ ಕಚೇರಿಗಳಲ್ಲಿ ರೂಢಿಯಾದ ವಿನ್ಯಾಸ ಇನ್ನೊಂದು ಕಡೆ. ನುಡಿ ಮತ್ತು 1998ರಲ್ಲಿ ಬಂದ ‘ಬರಹ’ ಎರಡೂ ಮೊದಲು ವಿಂಡೋಸ್‌ಗೆಂದು ಬರೆದ ತಂತ್ರಾಂಶಗಳು. ಹೀಗಾಗಿ ಕನ್ನಡದಲ್ಲಿ ಟೈಪು ಮಾಡುವ ಕೈಗಳು ವಿಂಡೋಸ್‌ಗೆ ಒಗ್ಗಿಕೊಂಡವು. ಎರಡು ಕೀಲಿ ವಿನ್ಯಾಸಗಳೂ ಇಂದು ಲಿನಕ್ಸ್‌ನಲ್ಲಿ ಸಿಗುತ್ತವೆ. ಆದರೂ ಯಾವುದನ್ನು ಮೊದಲೇ ಹೊಂದಿಸಿ ಮಗುವಿನ ಮುಂದಿಡಬೇಕು ಎಂಬುದನ್ನು ಯಾರಾದರೂ ಕುಳಿತು ತೀರ್ಮಾನಿಸಲೇಬೇಕು.

ಕೇರಳ ಹಿಡಿದ ದಾರಿ

ಕೇರಳದ ಶಾಲೆಗಳಿಗೆ ಗಣಕ ಶಿಕ್ಷಣ ಬೇಕೆಂದು ಶಿಫಾರಸು ಮಾಡಿದ ಕಾರ್ಯಪಡೆಯ ನಾಯಕರು ಕನ್ನಡ ನಾಡಿನವರೇ. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿ, 1984ರಿಂದ 1994ರವರೆಗೆ ಇಸ್ರೋ ಅಧ್ಯಕ್ಷರಾಗಿದ್ದ ಪ್ರೊ. ಯು.ಆರ್. ರಾವ್ ಅವರು. ಆ ವರದಿಯ ಫಲವಾಗಿ 2001ರಲ್ಲಿ ‘ಐಟಿ@ಸ್ಕೂಲ್’ ಯೋಜನೆ ಆರಂಭವಾಯಿತು. ಅದೇ ವರ್ಷದ ಜುಲೈನಲ್ಲಿ ತಿರುವನಂತಪುರದಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಷನ್‌ನ ಭಾರತೀಯ ಶಾಖೆಯೂ ತೆರೆಯಿತು. ಶಾಲೆಯಲ್ಲಿ ಒಂದು ಕಂಪನಿಯ ಸರಕನ್ನೇ ಏಕೆ ಕಲಿಸಬೇಕೆಂದು ಶಿಕ್ಷಕರ ಸಂಘಟನೆಯವರೂ ಮುಕ್ತ ತಂತ್ರಾಂಶದ ಕಾರ್ಯಕರ್ತರೂ ಕೇಳತೊಡಗಿದರು. ಕೆಲವೇ ವರ್ಷಗಳಲ್ಲಿ ಯೋಜನೆ ಲಿನಕ್ಸ್ ಕಡೆಗೆ ಹೊರಳಿತು.

ಹೊರಳಿದ ಮೇಲೆ ಅವರು ಪೇಟೆಯಲ್ಲಿ ಸಿಕ್ಕ ಯಾವುದೋ ಒಂದು ಲಿನಕ್ಸ್ ತಂದು ಸುಮ್ಮನೆ ಹಾಕಲಿಲ್ಲ. ಮೊದಲು ಡೆಬಿಯನ್, ಬಳಿಕ ಉಬುಂಟು ಮೂಲದಿಂದ ತಮ್ಮದೇ ವಿತರಣೆಯನ್ನು ಹೊಲಿದರು. ಯಾವ ತರಗತಿಯ ಪಾಠಕ್ಕೆ ಯಾವ ತಂತ್ರಾಂಶ ಬೇಕೋ ಅದು ಒಳಗಿರಬೇಕು. ಒಳಗಿರುವ ತಂತ್ರಾಂಶಕ್ಕೆ ಪಠ್ಯಪುಸ್ತಕದಲ್ಲಿ ಪಾಠವಿರಬೇಕು. ಪರೀಕ್ಷೆಯೂ ಅದರ ಮೇಲೆಯೇ ನಡೆಯಬೇಕು. ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದ್ದು ಅವರ ಜಾಣತನ. ಗಣಕ ಕಲಿಸಲು ಹೊರಗಿನ ಗುತ್ತಿಗೆದಾರರನ್ನು ಕರೆಯುವ ಬದಲು ಗಣಿತ, ಸಮಾಜ ವಿಜ್ಞಾನ ಕಲಿಸುವ ಮೇಷ್ಟ್ರುಗಳಿಗೇ ತರಬೇತಿ ಕೊಟ್ಟರು. ಯಾವುದು ಕೆಲಸ ಮಾಡುತ್ತಿಲ್ಲ, ಮಕ್ಕಳು ಎಲ್ಲಿ ಎಡವುತ್ತಾರೆ ಎಂಬ ದೂರು ತರಗತಿಯಿಂದ ನೇರವಾಗಿ ಹೊಲಿಯುವವರ ಕೈಗೆ ತಲುಪುವ ದಾರಿ ಇದರಿಂದ ತೆರೆಯಿತು.

ಈ ಯೋಜನೆ 2017ರಲ್ಲಿ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಯಿತು. 2018ರ ಹೊತ್ತಿಗೆ ರಾಜ್ಯದ 45 ಸಾವಿರ ತರಗತಿ ಕೋಣೆಗಳಿಗೆ ಗಣಕ, ಪ್ರೊಜೆಕ್ಟರ್ ಒದಗಿಸುವ ಕೆಲಸ ನಡೆಯಿತು. 2019ರಲ್ಲಿ ಉಬುಂಟುವಿನ 18.04 ಆವೃತ್ತಿಯಿಂದ ಹೊಲಿದ ಹೊಸ ವಿತರಣೆಯನ್ನು 2 ಲಕ್ಷಕ್ಕೂ ಹೆಚ್ಚು ಶಾಲಾ ಗಣಕಗಳಿಗೆ ಹಾಕುವುದಾಗಿ ಕೈಟ್ ಪ್ರಕಟಿಸಿತು. ಇದರಿಂದ ಪರವಾನಗಿ ಶುಲ್ಕದಲ್ಲಿ ಉಳಿಯುವ ಹಣ 3 ಸಾವಿರ ಕೋಟಿ ರೂಪಾಯಿ ಎಂಬುದು ಅವರದೇ ಅಂದಾಜು. 2023ರಲ್ಲಿ 22.04 ಆಧಾರಿತ ಮತ್ತೊಂದು ಆವೃತ್ತಿ ಬಂತು. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳಿಗೆ ಸಾಮಾನ್ಯ ಬೆಂಬಲವಿರುವುದು ಐದು ವರ್ಷ. ಅದು ಮುಗಿಯುವ ಹೊತ್ತಿಗೆ ಶಾಲೆಗೆ ಹೊಸ ಅಂಗಿ ಸಿದ್ಧವಿರುತ್ತದೆ.

ಕಾಸರಗೋಡಿನ ಕನ್ನಡ ಮಕ್ಕಳಿಗೆ ಪಾಲು ಸಿಕ್ಕಿದ್ದು ಈ ಏರ್ಪಾಡಿನಿಂದ. 1956ರವರೆಗೆ ದಕ್ಷಿಣ ಕನ್ನಡಕ್ಕೆ ಸೇರಿದ್ದ ಈ ನೆಲ ರಾಜ್ಯ ಪುನರ್ವಿಂಗಡಣೆಯಲ್ಲಿ ಕೇರಳಕ್ಕೆ ಹೋಯಿತು. 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಇಡೀ ರಾಜ್ಯದ ಲೆಕ್ಕದಲ್ಲಿ ಸಣ್ಣ ಸಂಖ್ಯೆ. ಅವರಿಗಾಗಿ ಪ್ರತ್ಯೇಕ ತಂತ್ರಾಂಶ ಕೊಳ್ಳಬೇಕಾಗಿದ್ದರೆ ಯಾವ ಕಂಪನಿಗೂ ಅದು ಲಾಭದ ವ್ಯಾಪಾರವಾಗುತ್ತಿರಲಿಲ್ಲ. ಮಲಯಾಳಕ್ಕೆಂದು ತೆರೆದ ಅದೇ ವಿತರಣೆಯಲ್ಲಿ ಕನ್ನಡದ ಅಕ್ಷರ, ಕೀಲಿಮಣೆಗಳಿಗೆ ಜಾಗ ಮಾಡುವುದು ಮಾತ್ರ ಹೆಚ್ಚು ಖರ್ಚಿನ ಕೆಲಸವಲ್ಲ. ಕೇರಳ ತನ್ನ ಗಣಕ ಪಠ್ಯವನ್ನು ಮಲಯಾಳ, ಇಂಗ್ಲಿಷ್, ತಮಿಳು, ಕನ್ನಡ ನಾಲ್ಕರಲ್ಲೂ ಹೊರತರುತ್ತದೆ. ಕಾಸರಗೋಡಿನ ಕನ್ನಡಿಗರ ಭಾಷಾ ಹಕ್ಕಿನ ದೂರುಗಳು ಬೇರೆ ಹಲವು ಇವೆ. ಅವು ಇದರಿಂದ ತೀರಿಹೋಗುವುದಿಲ್ಲ. ಆದರೂ ಗಣಕದ ಮಟ್ಟಿಗೆ ಅಲ್ಪಸಂಖ್ಯಾತ ಮಗುವಿಗೂ ಬಹುಸಂಖ್ಯಾತ ಮಗುವಿಗೂ ಒಂದೇ ಬಟ್ಟೆ ಸಿಕ್ಕಿದೆ.

ಕರ್ನಾಟಕದ ಅನುಭವ

ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕ ಬಂದದ್ದೂ ಅದೇ ಕಾಲದಲ್ಲಿ. 2001ರಲ್ಲಿ ಶುರುವಾದ ‘ಮಾಹಿತಿ ಸಿಂಧು’ ಯೋಜನೆ ಸುಮಾರು ಸಾವಿರ ಪ್ರೌಢಶಾಲೆಗಳನ್ನು ತಲುಪಿತು. ಕಲಿಸುವ ಹೊಣೆ ಖಾಸಗಿ ಸಂಸ್ಥೆಗಳದ್ದಾಗಿತ್ತು. ಅನಂತರದ ಯೋಜನೆಗಳಲ್ಲೂ ಗಣಕ ಕೊಠಡಿಯನ್ನು ಕಟ್ಟಿ, ಐದು ವರ್ಷ ನಡೆಸಿ, ಬಳಿಕ ಶಾಲೆಗೆ ಒಪ್ಪಿಸುವ ಗುತ್ತಿಗೆ ಪದ್ಧತಿಗೆ ಜಾಗ ಸಿಕ್ಕಿತು. ಈ ಪದ್ಧತಿಯಲ್ಲಿ ಗಣಕ ಶಾಲೆಯ ಒಂದು ಪಾಠವಾಗುವ ಬದಲು ಶಾಲೆಯೊಳಗಿನ ಬೇರೊಬ್ಬರ ಕೋಣೆಯಾಗುವ ಅಪಾಯವಿದೆ. ಗುತ್ತಿಗೆಯ ಮೇಷ್ಟ್ರು ಹೋದ ದಿನ ಬೀಗ ಬೀಳುತ್ತದೆ.

ಬೇರೆ ದಾರಿಯ ಪ್ರಯತ್ನವೂ ನಡೆಯಿತು. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ ಹಾಗೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ 2011ರ ಸುಮಾರಿಗೆ ‘ವಿಷಯ ಶಿಕ್ಷಕರ ವೇದಿಕೆ’ ಎಂಬ ಕಾರ್ಯಕ್ರಮ ಆರಂಭಿಸಿದವು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಪ್ರೌಢಶಾಲಾ ಶಿಕ್ಷಕರು ಇದರಲ್ಲಿ ಕಲಿತರು. ಅವರಿಗೆಂದು ಉಬುಂಟುವನ್ನು ತಿದ್ದಿ, ಜಿಯೋಜೀಬ್ರಾ ಮೊದಲಾದ ಶೈಕ್ಷಣಿಕ ಉಪಕರಣಗಳನ್ನೂ ಕನ್ನಡ ಬರಹದ ಸೌಕರ್ಯವನ್ನೂ ಸೇರಿಸಿದ ಆವೃತ್ತಿ ಸಿದ್ಧವಾಯಿತು. ಇದರ ಬೆನ್ನಿಗೆ ಶಿಕ್ಷಕರೇ ಪಾಠಸಾಮಗ್ರಿ ಬರೆದು ಸೇರಿಸುವ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಭಂಡಾರವೂ ತೆರೆಯಿತು. ಕೇಂದ್ರ ಸರ್ಕಾರದ 2012ರ ಶಾಲಾ ಗಣಕ ನೀತಿಯೂ ಮುಕ್ತ ತಂತ್ರಾಂಶದ ಪರವಾಗಿಯೇ ಮಾತಾಡಿತ್ತು. ಅಂದರೆ ಕನ್ನಡದಲ್ಲಿ ಹೊಲಿಗೆ ಬಲ್ಲವರಿದ್ದಾರೆ, ಅದಕ್ಕೆ ಒಪ್ಪಿಗೆ ಕೊಡುವ ನೀತಿಯೂ ಇದೆ. ಕೊರತೆ ಇರುವುದು ಪಠ್ಯ, ಪರೀಕ್ಷೆ, ತರಬೇತಿ, ತಂತ್ರಾಂಶ ನಾಲ್ಕನ್ನೂ ಒಂದೇ ದಾರದಲ್ಲಿ ಪೋಣಿಸಿ ಇಪ್ಪತ್ತು ವರ್ಷ ಬಿಡದೆ ನಡೆಸುವ ಮನೆಯದು.

ವಿರೋಧದ ಮಾತಿನಲ್ಲೂ ಹುರುಳಿದೆ

ಲಿನಕ್ಸ್ ಕಲಿತ ಮಗುವಿಗೆ ನಾಳೆ ಕೆಲಸ ಸಿಗುತ್ತದೆಯೇ ಎಂದು ಪೋಷಕರು ಕೇಳುವುದು ಸಹಜ. ಪಟ್ಟಣದ ಡಿಟಿಪಿ ಅಂಗಡಿಯಿಂದ ಹಿಡಿದು ತಾಲ್ಲೂಕು ಕಚೇರಿಯವರೆಗೆ ಜನ ವಿಂಡೋಸ್‌ಗೆ ಒಗ್ಗಿದ್ದಾರೆ. ಕೆಲವು ಮುದ್ರಣಯಂತ್ರಗಳಿಗೆ ಲಿನಕ್ಸ್ ಚಾಲಕ ತಂತ್ರಾಂಶ ಸಿಗದೆ ಪೇಚಾಡುವುದೂ ಉಂಟು. ಹಳೆಯ ನುಡಿ ಅಕ್ಷರದ ಕಡತಗಳನ್ನು ಯೂನಿಕೋಡ್‌ಗೆ ಬದಲಿಸುವಾಗ ಒತ್ತಕ್ಷರಗಳು ಕೆಡುವುದುಂಟು. ಇವು ಕಲ್ಪಿತ ತೊಂದರೆಗಳಲ್ಲ.

ಅಳತೆಗೆ ಹೊಲಿದದ್ದೆಲ್ಲ ಉಳಿಯುತ್ತದೆ ಎನ್ನುವಂತೆಯೂ ಇಲ್ಲ. ಜರ್ಮನಿಯ ಮ್ಯೂನಿಕ್ ನಗರಸಭೆ 2003ರಲ್ಲಿ ತನ್ನ ಕಚೇರಿಗಳಿಗೆ ಲಿನಕ್ಸ್ ತರಲು ತೀರ್ಮಾನಿಸಿ ‘ಲಿಮುಕ್ಸ್’ ಎಂಬ ವಿತರಣೆ ಹೊಲಿಸಿತು. 2013ರ ವೇಳೆಗೆ ಸುಮಾರು 15 ಸಾವಿರ ಗಣಕಗಳು ಅದಕ್ಕೆ ಬದಲಾದವು. 2017ರಲ್ಲಿ ಅದೇ ನಗರಸಭೆ ವಿಂಡೋಸ್‌ಗೆ ಮರಳುವ ನಿರ್ಣಯ ಮಾಡಿತು. ತಂತ್ರಾಂಶ ಕೆಟ್ಟಿತ್ತೇ, ಆಡಳಿತದ ಮನಸ್ಸು ಬದಲಾಯಿತೇ ಎಂಬ ವಾದ ಬಹಳ ಕಾಲ ನಡೆಯಿತು. ಬೆಂಗಳೂರಿನ ಸಿಂಪ್ಯೂಟರ್, ಮ್ಯೂನಿಕ್‌ನ ಲಿಮುಕ್ಸ್ ಎರಡೂ ಕಲಿಸುವ ಪಾಠ ಒಂದೇ: ಪರವಾನಗಿ ಪುಕ್ಕಟೆಯಾದರೂ ದರ್ಜಿಯ ಕೂಲಿ ಪುಕ್ಕಟೆಯಲ್ಲ. ಪ್ರತಿ ಕೆಲವು ವರ್ಷಕ್ಕೊಮ್ಮೆ ಮೂಲ ವಿತರಣೆ ಬದಲಾಗುತ್ತದೆ, ಯಂತ್ರಗಳು ಬದಲಾಗುತ್ತವೆ, ಪಠ್ಯವೂ ಬದಲಾಗುತ್ತದೆ. ಪ್ರತಿ ಸಲವೂ ಬಿಚ್ಚಿ ಹೊಲಿಯುವವರಿಗೆ ಸಂಬಳ ಕೊಡಬೇಕು, ಅವರ ಕುರ್ಚಿ ಕಾಯಂ ಇರಬೇಕು.

ಉದ್ಯೋಗದ ಪ್ರಶ್ನೆಗೆ ಕೇರಳದ ಶಾಲೆಗಳು ಕೊಟ್ಟ ಉತ್ತರ ಬೇರೆಯದು. ಗುಂಡಿ ಎಲ್ಲಿದೆ ಎಂದು ಕಲಿತವನಿಗೆ ಗುಂಡಿಯ ಜಾಗ ಬದಲಾದರೆ ಕಷ್ಟ. ಕೆಲಸ ಹೇಗೆ ನಡೆಯುತ್ತದೆ ಎಂದು ಕಲಿತವನಿಗೆ ಯಾವ ಗಣಕವಾದರೂ ಸರಿ. ಪತ್ರ ಬರೆಯುವುದು, ಲೆಕ್ಕದ ಹಾಳೆ ತಯಾರಿಸುವುದು, ನಕ್ಷೆ ಓದುವುದು, ಪೈಥಾನ್‌ನಲ್ಲಿ ಸಣ್ಣ ಕ್ರಮವಿಧಿ ಬರೆಯುವುದು, ಇವು ಒಂದು ಕಂಪನಿಯ ಸೊತ್ತಲ್ಲ. ಜೊತೆಗೆ ಲಿನಕ್ಸ್‌ನಲ್ಲಿ ಕುತೂಹಲವುಳ್ಳ ಮಗುವಿಗೆ ಮುಚ್ಚಿದ ಬಾಗಿಲುಗಳಿಲ್ಲ. ಒಳಗೆ ಏನಿದೆ ಎಂದು ತೆರೆದು ನೋಡಬಹುದು, ತಪ್ಪು ಅನುವಾದ ಕಂಡರೆ ತಿದ್ದಿ ಕಳುಹಿಸಬಹುದು.

ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕು ತಾಲ್ಲೂಕುಗಳಿಗೆ ಇದರಿಂದ ಏನು? ಪಾವಗಡದ ಗಡಿಯ ಶಾಲೆಗೆ ಬೇಕಾದ ಗಣಕದ ಅಳತೆ ಬೆಂಗಳೂರಿನ ಕಾಲೇಜಿನ ಅಳತೆಯಲ್ಲ. ಮನೆಮಾತು ತೆಲುಗಾದ ಮಗುವಿಗೆ ಕನ್ನಡ ಪದವನ್ನು ಓದಿ ಹೇಳುವ ಧ್ವನಿ, ಕೆ.ಪಿ. ರಾವ್ ಕೀಲಿಮಣೆ, ರಾಜ್ಯದ ಪಠ್ಯಕ್ಕೆ ಹೊಂದುವ ಗಣಿತ ವಿಜ್ಞಾನದ ಉಪಕರಣಗಳು, ಅಂತರ್ಜಾಲವಿಲ್ಲದಿದ್ದರೂ ತೆರೆಯುವ ಪಾಠಗಳು, ಹಳೆಯ ಯಂತ್ರದಲ್ಲೂ ಓಡುವ ಹಗುರ ಪರದೆ ಇಷ್ಟು ಸೇರಿದರೆ ಅದು ಆ ಮಗುವಿನ ಅಳತೆ. ಈ ಪಟ್ಟಿಯ ಬಹುಪಾಲು ತುಣುಕುಗಳು ಈಗಾಗಲೇ ಮುಕ್ತವಾಗಿ ಸಿಗುತ್ತವೆ. ಹಲವು ಕರ್ನಾಟಕದಲ್ಲೇ ಹುಟ್ಟಿದವು. ಅವನ್ನು ಒಂದು ಅಚ್ಚಿಗೆ ಇಳಿಸಿ, ಮೇಷ್ಟ್ರುಗಳ ದೂರು ಕೇಳುತ್ತ, ಪ್ರತಿ ಆವೃತ್ತಿಗೂ ಮರುಹೊಲಿಗೆ ಹಾಕುವ ಹೊಣೆಯನ್ನು ರಾಜ್ಯದ ಸಂಸ್ಥೆಯೊಂದು ಕಾಯಂ ಆಗಿ ಹೊತ್ತರೆ, ಕಾಸರಗೋಡಿನ ಕನ್ನಡ ಮಗುವಿಗೆ ಕೇರಳ ಕೊಟ್ಟದ್ದನ್ನು ನಿಡುಗಲ್ಲು ಸೀಮೆಯ ಮಗುವಿಗೆ ಕರ್ನಾಟಕವೂ ಕೊಡಬಹುದು.